ಗ್ಲೋರಿಯಾ ಕೇಳಿದ್ದು ಪ್ರಾರ್ಥನೆಯನ್ನಲ್ಲ

ನೈರೋಬಿ
ಮಾರ್ಚ್ 9, 2025

ಚಿ. ಶರ್ವಾಣಿ,

ಅಪ್ಪನಿಗೆ ಬೆನ್ನುನೋವು, ಅದಕ್ಕೇ ಫೋನಿಗೆ ಬರುತ್ತಿಲ್ಲ ಎಂದು ಇಷ್ಟು ದಿನ ನಿನಗೆ ಹೇಳುತ್ತಾ ಬಂದೆ. ಬೆನ್ನುನೋವಿಲ್ಲ. ಅಪ್ಪ ಕ್ಲಿನಿಕ್ಕಿಗೆ ಹೋಗುವುದನ್ನೇ ನಿಲ್ಲಿಸಿದ್ದಾರೆ. ನಿನ್ನ ಕೋಣೆಯಲ್ಲಿ ಪರದೆ ಎಳೆದುಕೊಂಡು ಮಲಗಿರುತ್ತಾರೆ. ಊಟಕ್ಕೆ ಕರೆದರೆ ಬಂದು ತಟ್ಟೆ ಎತ್ತಿಕೊಂಡು ಮತ್ತೆ ಒಳಗೆ ಹೋಗುತ್ತಾರೆ. ಫೋನಿನಲ್ಲಿ ಮಾತಾಡಿದರೆ ಗೋಡೆಯಾಚೆ ಕೇಳಿಸುತ್ತದೆ, ಅದಕ್ಕೇ ಈ ಇ-ಮೇಲ್. ಮೈಸೂರಿನ ಹೈಸ್ಕೂಲಿನಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದವಳು ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ. ತಪ್ಪಿದ್ದರೆ ನಗಬೇಡ.

ಗ್ಲೋರಿಯಾ ನೆನಪಿದ್ದಾಳಲ್ಲ? ಕಸರಾನಿ ಬಡಾವಣೆಯ ಹುಡುಗಿ, ಉದ್ದ ಓಟದವಳು. ಡಿಸೆಂಬರಿನಲ್ಲಿ ನೀನು ಬಂದಿದ್ದಾಗ ಕ್ಲಿನಿಕ್ಕಿನಲ್ಲಿ ಸಿಕ್ಕಿದ್ದಳು. ಜಪಾನಿನ ಕಂಪನಿಯೊಂದರ ಓಟದ ತಂಡ ತನ್ನನ್ನು ಕರೆಸಿಕೊಳ್ಳಬಹುದು ಎಂದಾಗ ನೀನು, ಫುಕುಓಕಾಗೆ ಬಂದರೆ ನಾನೇ ಏರ್‌ಪೋರ್ಟಿಗೆ ಬರುತ್ತೇನೆ ಎಂದು ನಿನ್ನ ನಂಬರ್ ಕೊಟ್ಟಿದ್ದೆ.

ಜನವರಿಯಲ್ಲಿ ಅವಳ ಪಾದದ ಕೀಲು ಊದಿಕೊಂಡಿತ್ತು. ಅಪ್ಪ ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಮೊದಲೆಲ್ಲ ಹಾಗೆ ಕೊಡುವುದಕ್ಕೆ ಅಡ್ಡಿಯಿರಲಿಲ್ಲವಂತೆ. ಕೆಲವು ವರ್ಷದ ಹಿಂದೆ ನಿಯಮ ಬದಲಾಗಿದೆ, ಸ್ಪರ್ಧೆಯ ದಿನ ಮೈಯಲ್ಲಿ ಆ ಔಷಧಿ ಸಿಗಬಾರದು. ಅದು ಅಪ್ಪನಿಗೆ ಗೊತ್ತಿರಲಿಲ್ಲ. ಅದೇ ವಾರ ಅವಳು ಓಡಿದಳು, ಗೆದ್ದಳು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದಳು. ಈಗ ಯಾವ ಓಟಕ್ಕೂ ಇಳಿಯುವಂತಿಲ್ಲ. ಜಪಾನಿನವರು ಕರೆಸಿಕೊಳ್ಳುವುದನ್ನು ನಿಲ್ಲಿಸಿದ್ದಾರೆ. ಜುಲೈನಲ್ಲಿ ವಿಚಾರಣೆಯಿದೆ. ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಅಪ್ಪನ ಹೆಸರು ಬರಲಿಲ್ಲ, ಆದರೆ ಅಪ್ಪರ್ ಹಿಲ್‌ನ ಭಾರತೀಯ ಮೂಳೆ ವೈದ್ಯ ಎಂದಿತ್ತು. ನಮ್ಮವರಿಗೆ ಅಷ್ಟು ಸಾಕು.

ಆ ವಾರ ಓಟವಿದೆ ಎಂದು ಹುಡುಗಿ ಹೇಳಲೇ ಇಲ್ಲ, ವಿಶ್ರಾಂತಿಯಲ್ಲಿದ್ದೇನೆ ಎಂದಿದ್ದಳು ಎನ್ನುತ್ತಾರೆ ಅಪ್ಪ. ವಿಚಾರಣೆಯ ಕಡೆಯವರು ಫೋನ್ ಮಾಡಿದಾಗಲೂ ಹಾಗೆಯೇ ಹೇಳಿದರು. ಹೇಳಿ ಫೋನ್ ಇಟ್ಟವರು ನಿನ್ನ ಕೋಣೆಗೆ ಹೋದರು, ಅಷ್ಟೇ.

ನಾನು ಸೋಮವಾರ ಉಪವಾಸ ಹಿಡಿದಿದ್ದೇನೆ. ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ ಮಾಡಿಸುತ್ತೇನೆ. ನಿನ್ನ ಮನೆಯ ಹತ್ತಿರ ಕೆಂಪು ಕಮಾನಿನ ಗುಡಿಯ ಫೋಟೋ ಕಳಿಸಿದ್ದೆಯಲ್ಲ, ಅಲ್ಲಿಗೂ ಒಮ್ಮೆ ಹೋಗಿ ಬಾ. ದೇವರು ಯಾರಾದರೇನು. ಅಪ್ಪನ ಹೆಸರು ಕೆಡದಿರಲಿ ಎಂದು ಬೇಡಿಕೋ. ಇಪ್ಪತ್ತು ವರ್ಷ ಇಲ್ಲಿ ತಲೆಯೆತ್ತಿಕೊಂಡು ಬದುಕಿದವರು.

ಈ ವಿಷಯ ಫೋನಿನಲ್ಲಿ ಎತ್ತಬೇಡ.

ನಿನ್ನ ಅಮ್ಮ,
ಗಿರಿಜಾ


ಫುಕುಓಕಾ
ಮಾರ್ಚ್ 16, 2025

ಪ್ರೀತಿಯ ಅಮ್ಮ,

ನಿನ್ನ ಕಾಗದ ಓದಿ ಯೂನಿವರ್ಸಿಟಿಯ ಲ್ಯಾಬಿಗೆ ಹೋಗಲಿಲ್ಲ. ಸೀದಾ ಗುಡಿಗೆ ಹೋದೆ. ನನ್ನ ಮನೆಯ ಮಾಲೀಕರಾದ ಕುರೋಕಿ-ಸಾನ್ ಅಲ್ಲೇ ಇದ್ದರು. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿ ರಿಟೈರ್ ಆದವರು. ಬೀದಿಯವರೆಲ್ಲ ಸರದಿಯ ಮೇಲೆ ಗುಡಿಯ ಅಂಗಳ ಗುಡಿಸುತ್ತಾರೆ, ಅವತ್ತು ಅವರ ಸರದಿ.

ನನಗೆ ಸರಿಯಾಗಿ ಪ್ರಾರ್ಥನೆ ಮಾಡುವುದನ್ನು ಹೇಳಿಕೊಡಿ ಎಂದೆ. ತೊಟ್ಟಿಯ ನೀರಿನಲ್ಲಿ ಕೈ ಬಾಯಿ ತೊಳೆಸಿದರು. ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮನಸ್ಸಿನಲ್ಲೇ ನನ್ನ ಹೆಸರು, ವಿಳಾಸ ಹೇಳಬೇಕಂತೆ. ಯಾರು ಬಂದಿದ್ದಾರೆಂದು ದೇವರಿಗೆ ಗೊತ್ತಾಗಬೇಡವೇ ಎಂದರು. ಆಮೇಲೆ ಇಲ್ಲಿಯವರೆಗೆ ನೋಡಿಕೊಂಡಿದ್ದಕ್ಕೆ ಥ್ಯಾಂಕ್ಸ್ ಹೇಳಬೇಕು. ಕೊನೆಗೆ, ನಾನು ಇಂಥದ್ದು ಮಾಡುತ್ತೇನೆ, ಕೈ ಹಿಡಿಯಿರಿ ಎನ್ನಬೇಕು.

ನಾನು ಅಪ್ಪನಿಗಾಗಿ ಕೇಳಬೇಕು ಎಂದೆ.

"ಅಪ್ಪ ಏನು ಮಾಡ್ತೀನಿ ಅಂದಿದಾರೆ?" ಎಂದು ಕೇಳಿದರು.

ಕೋಣೆಯಿಂದ ಹೊರಗೆ ಬರುತ್ತಿಲ್ಲ ಎಂದಷ್ಟೇ ಹೇಳಿದೆ. ಅದಕ್ಕೆ ಅವರು ಮೆಟ್ಟಿಲ ಮೇಲೆ ಕೂರಿಸಿಕೊಂಡು ಕಥೆ ಹೇಳಿದರು. ಅವರ ತವರು ಇದೇ ದ್ವೀಪದ ತಕಾಚಿಹೋ ಕಡೆ. ಈ ಕಥೆ ನಡೆದ ಗುಹೆ ತಮ್ಮ ಊರಿನದೇ ಎಂದು ಅಲ್ಲಿಯವರು ತೋರಿಸುತ್ತಾರೆ.

ಸೂರ್ಯ ಇಲ್ಲಿ ದೇವಿ. ಅಮತೆರಾಸು ಎಂದು ಹೆಸರು. ತಮ್ಮ ಸುಸಾನೊಓ ಮಹಾ ಪುಂಡ. ಅಕ್ಕನ ಗದ್ದೆಯ ಬದು ಒಡೆದ, ಕಾಲುವೆ ಮುಚ್ಚಿದ, ಕೊನೆಗೆ ಚರ್ಮ ಸುಲಿದ ಕುದುರೆಯನ್ನು ಅವಳ ನೇಯ್ಗೆಯ ಮನೆಯೊಳಗೆ ಎಸೆದ. ಗಾಬರಿಯಲ್ಲಿ ನೇಯುತ್ತಿದ್ದವಳೊಬ್ಬಳು ಸತ್ತೇಹೋದಳು. ದೇವಿ ಗುಹೆಯೊಳಗೆ ಹೋಗಿ ಬಂಡೆ ಮುಚ್ಚಿಕೊಂಡಳು. ಲೋಕವೆಲ್ಲ ಕತ್ತಲೆ. ದೇವರುಗಳೆಲ್ಲ ನದಿಯ ದಂಡೆಯಲ್ಲಿ ಸೇರಿದರು. ಒಬ್ಬ ಉಪಾಯ ಯೋಚಿಸಿದ, ಒಬ್ಬಳು ಕನ್ನಡಿ ಎರಕ ಹೊಯ್ದಳು, ಮತ್ತೊಬ್ಬ ಕಾಡಿನಿಂದ ಮರ ಕಿತ್ತು ತಂದ, ಒಬ್ಬ ಮಂತ್ರ ಹೇಳಿದ. ಒಬ್ಬಳು ಮರದ ತೊಟ್ಟಿ ಬೋರಲು ಹಾಕಿ ಅದರ ಮೇಲೆ ಕುಣಿದಳು, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಇದೇನು ಗಲಾಟೆ ಎಂದು ದೇವಿ ಬಂಡೆ ಸ್ವಲ್ಪ ಸರಿಸಿದಳು. ಪಕ್ಕದಲ್ಲೇ ಕಾಯುತ್ತಿದ್ದ ಗಟ್ಟಿಗ ಕೈ ಹಿಡಿದು ಹೊರಗೆಳೆದ.

"ದೇವರುಗಳೇ ಆದರೂ ಬರೀ ಮಂತ್ರ ಹೇಳಿ ಕೂರಲಿಲ್ಲ ನೋಡು" ಎಂದರು ಕುರೋಕಿ-ಸಾನ್. "ಒಬ್ಬರಾದರೂ ಕೈ ಕಟ್ಟಿಕೊಂಡಿರಲಿಲ್ಲ."

ಅಮ್ಮ, ಮನೆಗೆ ಯಾರನ್ನಾದರೂ ಕರಿ. ಅಡುಗೆ ಮಾಡು, ನಗು, ಗಲಾಟೆ ಮಾಡು. ಯುಗಾದಿ ಹತ್ತಿರ ಬಂತಲ್ಲ. ಅಪ್ಪ ಎಷ್ಟು ದಿನ ಒಳಗಿರುತ್ತಾರೆ?

ನಿನ್ನ
ಶರು


ನೈರೋಬಿ
ಏಪ್ರಿಲ್ 6, 2025

ಶರು,

ನೀನು ಹೇಳಿದಂತೆಯೇ ಮಾಡಿದೆ. ಯುಗಾದಿಗೆ ವಿಶ್ವನಾಥ್ ಅವರನ್ನೂ ಹಂಸಾಳನ್ನೂ ಕರೆದೆ. ವಿಶ್ವನಾಥ್ ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿ ಬಂದಾಗಿನಿಂದ ನಮಗೆ ಬೇಕಾದವರು ಎಂದು ನಿನಗೆ ಗೊತ್ತಲ್ಲ. ಹೋಳಿಗೆ ಮಾಡಿದೆ. ಹಂಸಾ ತನ್ನ ಹಳೆಯ ಜೋಕುಗಳನ್ನೆಲ್ಲ ಹೇಳಿದಳು, ಜೋರಾಗಿ ನಕ್ಕೆವು. ನಿಜವಾಗಿಯೂ ನಿನ್ನ ಕಥೆಯ ಹಾಗೆಯೇ ಬಾಗಿಲು ತೆರೆಯಿತು. ಅಪ್ಪ ಮುಖ ತೊಳೆದು, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಹೊರಗೆ ಬಂದು ಕೂತರು.

ಎರಡನೇ ಹೋಳಿಗೆ ಬಡಿಸುವಾಗ ವಿಶ್ವನಾಥ್ ಕೇಳಿಯೇಬಿಟ್ಟರು. "ಧನಂಜಯ, ಆ ಹುಡುಗಿ ವಿಷಯ ಏನಾಯ್ತು?"

ಅಪ್ಪ ತುಪ್ಪ ಹಾಕಿಕೊಳ್ಳುತ್ತಾ ಹೇಳಿದರು. "ರೆಸ್ಟಲ್ಲಿದೀನಿ ಡಕ್ತಾರಿ ಅಂದ್ಲು. ಓಟ ಇದೆ ಅಂತ ಒಂದು ಮಾತು ಹೇಳಿದ್ರೆ ನಾನ್ಯಾಕೆ ಕೊಡ್ತಿದ್ದೆ?"

"ಅಯ್ಯೋ, ಈಗಿನ ಹುಡುಗರೇ ಹಾಗೆ. ನಿಮ್ಮಂಥೋರಿಗೆ ಹೀಗಾಗಬಾರದಿತ್ತು" ಎಂದಳು ಹಂಸಾ. ನನ್ನ ಕಡೆ ತಿರುಗಿ, "ಅಲ್ವೇನ್ರೀ ಗಿರಿಜಾ?" ಎಂದಳು.

ನಾನು ಹೌದು ಎಂದೆ. ಹೌದು ಎಂದು ಸಾರಿನ ಪಾತ್ರೆ ತರಲು ಒಳಗೆ ಹೋದೆ.

ಮೊದಲ ಕಾಗದದಲ್ಲಿ ನಿನಗೆ ಬರೆಯದೆ ಬಿಟ್ಟದ್ದು ಒಂದಿದೆ. ಬೆಳಗಿನ ಹೊತ್ತು ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂರುವವಳು ನಾನೇ ಅಲ್ಲವೇ? ಅವತ್ತು ಗ್ಲೋರಿಯಾ ನನ್ನ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಭಾನುವಾರ ಓಟವಿದೆ ಎಂದು ನನಗೇ ಹೇಳಿದಳು. ಜಪಾನಿನವರು ಅವಳ ಟೈಮ್ ನೋಡಲು ಬರುತ್ತಿದ್ದರಂತೆ. "ಮಾಮಾ, ಟೀವಿಯಲ್ಲಿ ಬರತ್ತೆ, ನೋಡಿ" ಎಂದಳು, ತನ್ನ ಅಮ್ಮನನ್ನು ಕರೆಯುವ ಹಾಗೆಯೇ. ಅಪ್ಪ ಕರೆದಾಗ ಅವಳನ್ನು ಒಳಗೆ ಕರೆದುಕೊಂಡು ಹೋದವಳು ನಾನು. ನರ್ಸ್ ಅವತ್ತು ರಜೆ, ಟ್ರೇ ಹಿಡಿದು ನಿಂತದ್ದೂ ನಾನೇ. ಅವಳು ಅಪ್ಪನನ್ನು ಕೇಳಿದಳು, "ಡಕ್ತಾರಿ, ಭಾನುವಾರ ಓಡಬೇಕು, ಈ ಔಷಧಿಯಿಂದ ತೊಂದರೆ ಇಲ್ಲವಾ?" ಅಪ್ಪ ಅವಳ ಕಾಲು ಹಿಡಿದುಕೊಂಡೇ ನಕ್ಕರು. "ಇಲ್ಲಿ ಡಾಕ್ಟರ್ ಯಾರು, ನೀನಾ ನಾನಾ?" ಎಂದರು. ಮತ್ತೆ ಕೇಳಿದಳು. ಕೀಲಿಗೆ ಕೊಡುವುದು ಎಲ್ಲರಿಗೂ ಕೊಡುತ್ತೇನೆ, ಹೋಗಿ ಗೆದ್ದು ಬಾ ಎಂದರು.

ಇದೆಲ್ಲ ಗೊತ್ತಿದ್ದೂ ನಾನು ಪೂಜೆ ಮಾಡಿಸಿದೆ. ಪ್ರಸಾದವನ್ನು ಅಕ್ಕಪಕ್ಕದವರಿಗೆಲ್ಲ ಹಂಚಿದೆ. ದೇವರ ಮುಂದೆ ಕೂತರೆ ಕಣ್ಣು ಮುಚ್ಚಲು ಆಗುತ್ತಿಲ್ಲ, ಮುಚ್ಚಿದರೆ ಆ ಟ್ರೇ ಕಾಣುತ್ತದೆ. ಆದರೂ ಬೇಡುವುದನ್ನು ಬಿಟ್ಟಿಲ್ಲ. ನೀನೂ ಬಿಡಬೇಡ. ಹೇಗಾದರೂ ಇದು ತಾನಾಗಿ ಬಗೆಹರಿಯಲಿ.

ಅಮ್ಮ


ಫುಕುಓಕಾ
ಏಪ್ರಿಲ್ 13, 2025

ಅಮ್ಮ,

ಚಿಕ್ಕದಾಗಿ ಬರೆಯುತ್ತೇನೆ. ಉದ್ದ ಬರೆದರೆ ಏನೇನೋ ಬಂದುಬಿಡುತ್ತದೆ.

ನಾನು ಕಥೆಯನ್ನು ತಪ್ಪಾಗಿ ಹೇಳಿದೆ. ಯುಗಾದಿಯ ದಿನ ಅಪ್ಪ ಹೊರಗೆ ಬಂದರೆಂದು ಖುಷಿಯಿಂದ ಕುರೋಕಿ-ಸಾನ್‌ಗೆ ಹೇಳಲು ಹೊರಟೆ. ಹೇಳುತ್ತಾ ಹೇಳುತ್ತಾ ಮಿಕ್ಕದ್ದನ್ನೂ ಹೇಳಬೇಕಾಯಿತು. ಅವರು, "ಹಾಗಾದ್ರೆ ನಿಮ್ಮ ಮನೆಯಲ್ಲಿ ಒಳಗೆ ಕೂತಿರೋರು ಆ ದೇವಿ ಅಲ್ಲವಲ್ಲ" ಎಂದರು. ಗುಹೆಯೊಳಗೆ ಹೋದವಳು ತಪ್ಪು ಮಾಡಿದವಳಲ್ಲ, ಅಮ್ಮ. ಬದು ಒಡೆದವನು ಬೇರೆ. ಅವನಿಗಾಗಿ ಯಾರೂ ತೊಟ್ಟಿಯ ಮೇಲೆ ಕುಣಿಯಲಿಲ್ಲ. ಅವನನ್ನು ಮೇಲಿನ ಲೋಕದಿಂದ ಹೊರಗೆ ಹಾಕಿದರು. ಅವನು ನಡೆದುಕೊಂಡು ಇಜುಮೋ ಎಂಬ ಸೀಮೆಗೆ ಹೋದ. ಅಲ್ಲಿ ಒಬ್ಬ ಮುದುಕ, ಒಬ್ಬಳು ಮುದುಕಿ ಮಗಳನ್ನು ತಬ್ಬಿಕೊಂಡು ಅಳುತ್ತಿದ್ದರು. ಉಳಿದ ಹೆಣ್ಣುಮಕ್ಕಳನ್ನೆಲ್ಲ ಒಂದು ಮಹಾಸರ್ಪ ನುಂಗಿತ್ತು. ಸುಸಾನೊಓ ಮೊದಲ ಸಲ ಇನ್ನೊಬ್ಬರಿಗಾಗಿ ಕತ್ತಿ ಹಿಡಿದದ್ದು ಅಲ್ಲಿ. ಅವನಿಗೆ ಇಲ್ಲಿ ಇವತ್ತಿಗೂ ಗುಡಿಯಿದೆ, ಪೂಜೆಯಿದೆ.

ಇಲ್ಲಿ ಲೋಕವೇ ಕತ್ತಲಾದದ್ದು ಗ್ಲೋರಿಯಾಗೆ. ನಾವು ನಮ್ಮ ಮನೆಯಲ್ಲಿ ಹೋಳಿಗೆ ತಿಂದೆವು.

ನನ್ನದೂ ಒಂದಿದೆ. ಫೆಬ್ರವರಿಯ ಕೊನೆಯಲ್ಲೇ ಗ್ಲೋರಿಯಾ ನನಗೆ ಮೆಸೇಜ್ ಮಾಡಿದ್ದಳು. "ಶರ್ವಾಣಿ, ನಿಜ ಹೇಳಲು ನಿನ್ನ ಅಪ್ಪನಿಗೆ ಹೇಳು" ಎಂದು. ಏನು ನಿಜ ಎಂದು ನಾನು ತಿರುಗಿ ಕೇಳಲಿಲ್ಲ. ಅಪ್ಪನ ಬೆನ್ನುನೋವಿನ ಬಗ್ಗೆ ನೀನು ಹೇಳಿದ್ದನ್ನು ನಂಬಿಕೊಂಡು, ಅವಳು ಏನೋ ತಪ್ಪು ತಿಳಿದಿದ್ದಾಳೆ ಎಂದುಕೊಂಡೆ. ನಿನ್ನ ಮೊದಲ ಕಾಗದ ಬಂದ ಮೇಲೂ ಉತ್ತರ ಕೊಡಲಿಲ್ಲ. ಗುಡಿಗೆ ಹೋಗಿ ಚಪ್ಪಾಳೆ ತಟ್ಟಿ ಬಂದೆ.

ಆ ಗುಡಿಯಲ್ಲಿ ನಿಂತು ನಿನಗಾಗಲಿ ಅಪ್ಪನಿಗಾಗಲಿ ಇನ್ನು ಏನೂ ಕೇಳುವುದಿಲ್ಲ. ನೀನು ಏನು ಮಾಡುತ್ತೀ ಎಂದು ಮೊದಲು ಹೇಳು.

ಶರ್ವಾಣಿ


ನೈರೋಬಿ
ಜೂನ್ 8, 2025

ಚಿ. ಶರು,

ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಕಾರಣ ಹೇಳುವುದಿಲ್ಲ. ನಿನ್ನ ಕೊನೆಯ ಸಾಲನ್ನು ಮಾತ್ರ ದಿನಾ ಓದುತ್ತಿದ್ದೆ. ಫೋನಿನಲ್ಲಿ ನೀನು ಹವಾಮಾನ ಕೇಳುವುದು, ನಾನು ಮಳೆ ಎನ್ನುವುದು, ಅದನ್ನು ಎಷ್ಟು ದಿನ ನಡೆಸುವುದು?

ಹೋದ ಶನಿವಾರ ಕಸರಾನಿಗೆ ಹೋದೆ. ಅಪ್ಪನಿಗೆ ಮಾರುಕಟ್ಟೆಗೆ ಎಂದು ಹೇಳಿ ಮಟಾಟು ವ್ಯಾನ್ ಹತ್ತಿದೆ. ಗ್ಲೋರಿಯಾಗೆ ನಮ್ಮ ಚಪಾತಿ ಇಷ್ಟ, ಕ್ಲಿನಿಕ್ಕಿಗೆ ಬಂದಾಗ ನನ್ನ ಡಬ್ಬಿಯಿಂದ ತಿನ್ನುತ್ತಿದ್ದಳು. ಚಪಾತಿ, ಆಲೂಗಡ್ಡೆ ಪಲ್ಯ ಕಟ್ಟಿಕೊಂಡು ಹೋದೆ. ಓಟದ ಹುಡುಗಿಯರೆಲ್ಲ ಒಟ್ಟಿಗೆ ಇರುತ್ತಿದ್ದ ಮನೆಯಲ್ಲಿ ಅವಳು ಈಗ ಇಲ್ಲ. ಅಮಾನತಾದವರು ತಂಡದ ಜೊತೆ ಅಭ್ಯಾಸ ಮಾಡುವಂತಿಲ್ಲವಂತೆ. ಚಿಕ್ಕಮ್ಮನ ಸಲೂನಿನ ಹಿಂದಿನ ಕೋಣೆಯಲ್ಲಿದ್ದಾಳೆ. ಹೆಂಗಸರಿಗೆ ಜಡೆ ಹೆಣೆಯುತ್ತಾಳೆ. ನಾನು ಹೋದಾಗಲೂ ಒಬ್ಬಳ ತಲೆ ಅವಳ ಕೈಯಲ್ಲಿತ್ತು. ನನ್ನನ್ನು ನೋಡಿದಳು, ಹೆಣೆಯುವುದನ್ನು ನಿಲ್ಲಿಸಲಿಲ್ಲ. ಆ ಹೆಂಗಸಿನ ಜಡೆ ಮುಗಿಯುವವರೆಗೆ ನಾನು ಡಬ್ಬಿ ಹಿಡಿದು ಬೆಂಚಿನ ಮೇಲೆ ಕೂತಿದ್ದೆ.

ಅವಳ ಕೋಚ್ ಆಲ್ಫ್ರೆಡ್ ಕೂಡ ಬಂದ. ಮರ್ಯಾದಸ್ಥ, ನನಗೆ ಸೋಡಾ ತರಿಸಿಕೊಟ್ಟ. ನಾನು ತಯಾರು ಮಾಡಿಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಯಿತು. ನಿನಗಾಗಿ ದಿನಾ ದೇವರಲ್ಲಿ ಬೇಡಿಕೊಳ್ಳುತ್ತಿದ್ದೇನೆ ಎಂದುಬಿಟ್ಟೆ. ಅದೂ ಸುಳ್ಳು, ಶರು. ನಾನು ಬೇಡಿದ್ದು ಅವಳಿಗಾಗಿ ಅಲ್ಲ.

"ಅಸಾಂಟೆ, ಮಾಮಾ" ಎಂದು ಥ್ಯಾಂಕ್ಸ್ ಹೇಳಿದಳು. "ನಮ್ಮ ಚರ್ಚಿನವರು ಪ್ರಾರ್ಥನೆ ಮಾಡ್ತಿದಾರೆ. ಊರಲ್ಲಿ ನಮ್ಮಮ್ಮ ಮಾಡ್ತಿದಾಳೆ. ಪ್ರಾರ್ಥನೆ ಮಾಡೋಕೆ ನನಗೆ ಜನ ಇದಾರೆ. ಅವತ್ತು ಆ ರೂಮಲ್ಲಿ ಇದ್ದೋರು ನೀವಿಬ್ಬರೇ."

ಆಲ್ಫ್ರೆಡ್ ವಿವರಿಸಿದ. ಮೈಯಲ್ಲಿ ಔಷಧಿ ಸಿಕ್ಕಿದ್ದು ಸಿಕ್ಕಿದ್ದೇ, ಶಿಕ್ಷೆ ಪೂರ್ತಿ ತಪ್ಪದು. ಆದರೆ ಓಟದ ವಿಷಯ ಹೇಳಿ, ಔಷಧಿಯ ಬಗ್ಗೆ ಕೇಳಿ, ವೈದ್ಯರ ಮಾತು ನಂಬಿದಳು ಎಂದು ಸಾಬೀತಾದರೆ ಬಹಳ ಕಡಿಮೆಯಾಗುತ್ತದೆ. ಡಾಕ್ಟರು ಇಲ್ಲವೆಂದರೆ ಇವಳೇ ಸುಳ್ಳುಗಾತಿ. ನಿಷೇಧದಲ್ಲಿ ಎರಡು ವರ್ಷ ಹೋದರೆ ಜಪಾನ್ ಇಲ್ಲ, ಏನೂ ಇಲ್ಲ. ಊರಲ್ಲಿ ತಮ್ಮಂದಿರ ಓದು ಇವಳ ಓಟದ ಮೇಲೆ ನಿಂತಿದೆ.

ಡಬ್ಬಿಯನ್ನು ಅವಳು ಮುಟ್ಟಲಿಲ್ಲ. ವಾಪಸ್ ತಂದೆ. ಮಟಾಟುವಿನಲ್ಲಿ ಅದು ತೊಡೆಯ ಮೇಲೆ ಇನ್ನೂ ಬೆಚ್ಚಗಿತ್ತು.

ಮನೆಗೆ ಬಂದು ಅಪ್ಪನ ಮುಂದೆ ನಿಂತು ಎಲ್ಲ ಹೇಳಿದೆ. "ರೀ, ಹೋಗಿ ಹೇಳಿಬಿಡಿ. ನಾನೂ ಜೊತೆಗೆ ಬರ್ತೀನಿ" ಎಂದೆ.

"ಹೇಳಿದ್ರೆ ಏನಾಗುತ್ತೆ ಗೊತ್ತಾ ನಿಂಗೆ? ಮೆಡಿಕಲ್ ಕೌನ್ಸಿಲ್‌ನೋರು ಕರೀತಾರೆ. ಕ್ಲಿನಿಕ್ ಮುಚ್ಚಬೇಕಾಗುತ್ತೆ" ಎಂದರು.

"ಈಗೇನು ತೆಗೆದಿದೀರಾ?"

ಅವರು ಗೋಡೆಯ ಕಡೆ ತಿರುಗಿಕೊಂಡರು. ಆ ಕಡೆ ಮುಖ ಮಾಡಿಕೊಂಡೇ, "ಫೋನ್ ಬಂದಾಗ ಹೆದರಿಕೆ ಆಯ್ತು ಗಿರಿಜಾ. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಹೇಳಿದ ಮೇಲೆ ಅದೇ ನಿಜ ಆಗಬೇಕಾಯ್ತು" ಎಂದರು. ಮೂವತ್ತು ವರ್ಷದಲ್ಲಿ ಅವರ ದನಿ ಅಷ್ಟು ಸಣ್ಣದಾಗಿ ಕೇಳಿರಲಿಲ್ಲ.

ಬಯ್ಯಬೇಡ, ಒಂದು ಕೇಳುತ್ತೇನೆ. ಹೋದ ವರ್ಷ ಜೂನ್ ಕೊನೆಗೆ ನೀನು, ಹುಲ್ಲಿನಿಂದ ಕಟ್ಟಿದ ದೊಡ್ಡ ಬಳೆಯಂಥದ್ದರೊಳಗೆ ಜನ ನಡೆಯುವ ಫೋಟೋ ಕಳಿಸಿದ್ದೆ. ಗೊಂಬೆಯ ಹಾಗೆ ಕತ್ತರಿಸಿದ ಕಾಗದದ ಮೇಲೆ ಹೆಸರು ಬರೆದು ಕೊಟ್ಟರೆ ಅರ್ಧ ವರ್ಷದ ದೋಷವೆಲ್ಲ ನೀರಿನಲ್ಲಿ ಹೋಗುತ್ತದೆ ಎಂದಿದ್ದೆ. ಅಪ್ಪನ ಹೆಸರು ಬರೆದು ಬಿಡು. ಅವರಿಗೆ ಧೈರ್ಯ ಬರಲಿ ಎಂದಷ್ಟೇ.

ಅಮ್ಮ


ಫುಕುಓಕಾ
ಜುಲೈ 1, 2025

ಪ್ರೀತಿಯ ಅಮ್ಮ,

ನಿನ್ನೆ ಸಂಜೆ ಹೋಗಿದ್ದೆ. ಮಳೆ ಬಂದು ನಿಂತಿತ್ತು, ಹುಲ್ಲಿನ ಬಳೆ ಒದ್ದೆಯಾಗಿ ವಾಸನೆ ಬರುತ್ತಿತ್ತು. ಪೂಜಾರಿಯ ಮನೆಯವರು ಎಲ್ಲರಿಗೂ ಕಾಗದದ ಗೊಂಬೆ ಹಂಚಿದರು. ಹೆಸರು ಬರೆದು, ಅದರಿಂದ ಮೈ ಸವರಿಕೊಂಡು, ಅದರ ಮೇಲೆ ಉಸಿರು ಊದಬೇಕು.

ನಾನು ಎರಡು ತೆಗೆದುಕೊಂಡೆ. ಅಪ್ಪನ ಹೆಸರು ಬರೆಯಬಹುದೇ ಎಂದು ಕುರೋಕಿ-ಸಾನ್ ಅವರನ್ನು ಕೇಳಿದೆ.

"ಬರೀಬಹುದು. ಹಸುಗೂಸಿಗೆ, ಹಾಸಿಗೆ ಹಿಡಿದೋರಿಗೆ ಮನೆಯೋರು ಬರೀತಾರೆ" ಎಂದರು. ಆಮೇಲೆ ಕೇಳಿದರು, "ನಿಮ್ಮಪ್ಪನಿಗೆ ಕಾಯಿಲೆಯಾ?"

ಇಲ್ಲ ಎಂದೆ. ಅಪ್ಪನ ಮೈ ಗಟ್ಟಿಯಾಗಿದೆ ಎಂದೆ. ಎರಡನೇ ಕಾಗದವನ್ನು ವಾಪಸ್ ಬುಟ್ಟಿಯಲ್ಲಿಟ್ಟೆ. ನನ್ನದನ್ನು ಬರೆದು ಊದಿ ಕೊಟ್ಟೆ. ಬಳೆಯೊಳಗೆ ನಡೆದೆ. ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಮನೆಗೆ ಬಂದು ಗ್ಲೋರಿಯಾಗೆ ಉತ್ತರ ಬರೆದೆ. ನಾಲ್ಕು ತಿಂಗಳು ಸುಮ್ಮನಿದ್ದಕ್ಕೆ ನೆಪ ಹೇಳಲಿಲ್ಲ. ನಮ್ಮ ಅಪ್ಪ ಸುಳ್ಳು ಹೇಳಿದ್ದಾರೆ, ನನಗೆ ಗೊತ್ತು, ಎಂದು ಬರೆದೆ. ಅವಳು ನೋಡಿದ್ದಾಳೆ. ಏನೂ ಬರೆದಿಲ್ಲ.

ಅಮ್ಮ, ಅಪ್ಪನಿಗೆ ಧೈರ್ಯ ಬರಲಿ ಎಂದು ಕಾಯಬೇಡ. ಟ್ರೇ ನಿನ್ನ ಕೈಯಲ್ಲಿತ್ತು.

ಶರು


ನೈರೋಬಿ
ಜುಲೈ 20, 2025

ಚಿ. ಶರು,

ಹೋಗಿದ್ದೆ.

ಗುರುವಾರ ಬೆಳಿಗ್ಗೆ ಸ್ನಾನ ಮಾಡಿ, ನಿಮ್ಮಜ್ಜಿಯ ಹಸಿರು ರೇಷ್ಮೆ ಸೀರೆ ತೆಗೆದು, ಮತ್ತೆ ಒಳಗಿಟ್ಟು, ಕ್ಲಿನಿಕ್ಕಿಗೆ ಉಡುವ ಹತ್ತಿಯ ಸೀರೆಯನ್ನೇ ಉಟ್ಟೆ. ಅಪ್ಪನ ಬಾಗಿಲಿನ ಹೊರಗೆ ನಿಂತು, "ನಾನು ಹೋಗ್ತಿದೀನಿ, ತಿಂಡಿ ಮುಚ್ಚಿಟ್ಟಿದೀನಿ" ಎಂದೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ.

ಚಳಿಯಿತ್ತು, ಮೋಡ ಕವಿದಿತ್ತು. ವಿಚಾರಣೆಯ ಕಚೇರಿಯ ಹೊರಗಿನ ಬೆಂಚಿನಲ್ಲಿ ಗ್ಲೋರಿಯಾ, ಆಲ್ಫ್ರೆಡ್, ಅವರ ವಕೀಲೆ ಹೆಲನ್ ಕೂತಿದ್ದರು. ನಾನು ಬರುತ್ತೇನೆ ಎಂದು ಆಲ್ಫ್ರೆಡ್‌ಗೆ ಹಿಂದಿನ ದಿನವಷ್ಟೇ ಹೇಳಿದ್ದೆ. ಬರುತ್ತೇನೆಂದು ಅವನು ನಂಬಿರಲಿಲ್ಲ ಎನಿಸುತ್ತದೆ, ನನ್ನನ್ನು ನೋಡಿ ಎದ್ದು ನಿಂತ. ಗ್ಲೋರಿಯಾ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟಳು. ಅಷ್ಟೇ.

ಒಳಗೆ ನಾನು ಹೇಳಬೇಕಾದದ್ದು ಬಹಳ ಇರಲಿಲ್ಲ. ಅವಳು ಎಲ್ಲಿ ಕೂತಿದ್ದಳು, ಏನು ಕೇಳಿದಳು, ನನ್ನ ಗಂಡ ಏನು ಹೇಳಿದರು, ನಾನು ಎಲ್ಲಿ ನಿಂತಿದ್ದೆ. ಪರವಾಗಿಲ್ಲ, ಮುಗಿಯಿತು ಎಂದುಕೊಂಡೆ.

ಆಗ ವಿಚಾರಣೆ ನಡೆಸುವವರ ನಡುವೆ ಕೂತಿದ್ದ ಹಿರಿಯರು ಕನ್ನಡಕ ತೆಗೆದು, ಬಹಳ ಮೆತ್ತಗೆ ಕೇಳಿದರು, "ಮಾಮಾ, ಇದೆಲ್ಲ ಫೆಬ್ರವರಿಯಲ್ಲೂ ನಿಮಗೆ ಗೊತ್ತಿತ್ತು. ಈ ಹುಡುಗಿ ಇಷ್ಟು ತಿಂಗಳು ಓಡದೆ ಕೂತಿದ್ದಾಳೆ. ಅಲ್ಲಿಂದ ಇಲ್ಲಿಯವರೆಗೆ ನೀವು ಏನು ಮಾಡುತ್ತಿದ್ದಿರಿ?"

ಸುಳ್ಳು ಹೇಳುವುದಿಲ್ಲ ಎಂದು ಬಂದಿದ್ದೆನಲ್ಲ. "ಪ್ರಾರ್ಥನೆ ಮಾಡುತ್ತಿದ್ದೆ" ಎಂದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಒಬ್ಬರು ತಮ್ಮ ಕಾಗದದ ಕಡೆ ನೋಡಿದರು. ಹೆಲನ್ ಪೆನ್ನು ಮುಚ್ಚಿದಳು. ಗ್ಲೋರಿಯಾ ಕಿಟಕಿಯ ಕಡೆ ತಿರುಗಿದಳು. ಯುಗಾದಿಯ ದಿನವೂ ಇಷ್ಟು ನಾಚಿಕೆಯಾಗಿರಲಿಲ್ಲ, ಶರು. ದೇವರ ಹೆಸರಿನ ಹಿಂದೆ ಇಷ್ಟು ದಿನ ಅಡಗಿದ್ದೆ ಎಂಬುದು ಅಷ್ಟು ಜನರ ಮುಂದೆ ನನ್ನ ಬಾಯಿಂದಲೇ ಬಂತು.

ವೈದ್ಯರೂ ಬಂದು ಹೇಳಿದರೆ ಒಳ್ಳೆಯದು, ಇನ್ನೊಂದು ದಿನ ಕೊಡುತ್ತೇವೆ ಎಂದರು. ಮುಂದಿನ ಮಂಗಳವಾರ. ಮನೆಗೆ ಬಂದು ಬಾಗಿಲಿನ ಹೊರಗೆ ನಿಂತು ಅದನ್ನೂ ಹೇಳಿದೆ. ತಿಂಡಿಯ ತಟ್ಟೆ ತೊಳೆದು ಒರಗಿಸಿಟ್ಟಿತ್ತು.

ಇವತ್ತು ದೀಪ ಹಚ್ಚಿದೆ. ಹೆಸರು ಹೇಳಿದೆ, ಊರು ಹೇಳಿದೆ. ಬೇರೆ ಏನನ್ನೂ ಕೇಳಲು ಬಾಯಿ ಬರಲಿಲ್ಲ.

ಅಮ್ಮ


ನೈರೋಬಿ
ಆಗಸ್ಟ್ 10, 2025

ಶರ್ವಾಣಿ,

ನಾನು ನಿನಗೆ ಕಾಗದ ಬರೆದವನಲ್ಲ. ಫೀಸು ಕಟ್ಟಿದೆಯಾ, ಟಿಕೆಟ್ ಬುಕ್ ಆಯಿತಾ, ಇಷ್ಟೇ ನನ್ನ ಮೆಸೇಜು. ಅಮ್ಮ ಬರೆಯಿರಿ ಎಂದು ಹೇಳಿಲ್ಲ. ಅಮ್ಮ ನನ್ನ ಹತ್ತಿರ ಹೆಚ್ಚು ಮಾತಾಡುತ್ತಿಲ್ಲ.

ವಿಚಾರಣೆಗೆ ಹೋದೆ. ಧೈರ್ಯ ಬಂದು ಹೋದದ್ದಲ್ಲ. ಅಮ್ಮ ಹೋಗಿ ಬಂದ ದಿನದಿಂದ ಮನೆಯಲ್ಲಿ ನನ್ನ ಸುಳ್ಳಿಗೆ ಜೊತೆ ಇರಲಿಲ್ಲ. ಒಬ್ಬನೇ ಅದನ್ನು ಹೊತ್ತುಕೊಂಡು ಮಲಗುವುದು ನನ್ನಿಂದ ಆಗಲಿಲ್ಲ. ಅವರು ಕೇಳಿದರು, ಓಟವಿದೆ ಎಂದು ಹುಡುಗಿ ಹೇಳಿದ್ದಳೇ? ಹೇಳಿದ್ದಳು ಎಂದೆ. ಔಷಧಿಯ ಬಗ್ಗೆ ಕೇಳಿದ್ದಳೇ? ಕೇಳಿದಳು, ಮತ್ತೂ ಕೇಳಿದಳು, ನಾನು ನಕ್ಕೆ ಎಂದೆ. ನಿಯಮ ಬದಲಾದದ್ದು ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲ, ತಿಳಿದುಕೊಳ್ಳಬೇಕು ಎಂದು ಅನಿಸಿರಲೂ ಇಲ್ಲ ಎಂದೆ. ಫೋನಿನಲ್ಲಿ ಬೇರೆಯೇ ಹೇಳಿದ್ದಿರಲ್ಲ ಎಂದರು. ಸುಳ್ಳು ಹೇಳಿದ್ದೆ ಎಂದೆ.

ನಿನ್ನೆ ತೀರ್ಪು ಬಂತು. ಅವಳ ಶಿಕ್ಷೆ ಕಡಿಮೆಯಾಗಿದೆ, ಅಕ್ಟೋಬರಿನಿಂದ ಓಡಬಹುದು. ಗೆದ್ದ ಓಟ ಮಾತ್ರ ಲೆಕ್ಕಕ್ಕಿಲ್ಲ. ಜಪಾನಿನವರು ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಮೆಡಿಕಲ್ ಕೌನ್ಸಿಲ್‌ಗೆ ನಾನೇ ಬರೆದು ಕಳಿಸಿದ್ದೇನೆ. ಕ್ಲಿನಿಕ್ಕಿನ ರೋಗಿಗಳನ್ನು ಬೇರೆಯವರಿಗೆ ಒಪ್ಪಿಸುತ್ತಿದ್ದೇನೆ. ವಿಶ್ವನಾಥ್ ಫೋನ್ ಮಾಡುವುದನ್ನು ನಿಲ್ಲಿಸಿದ್ದಾನೆ. ಅವನ ಮುಂದೆ ತುಪ್ಪ ಬಡಿಸಿಕೊಂಡು ಹೇಳಿದ್ದೆನಲ್ಲ, ಅವನು ಮಾಡಿದ್ದು ಸರಿ.

ಇದನ್ನು ಹೇಳಲು ಬರೆಯಲಿಲ್ಲ. ಅವತ್ತು ನನ್ನ ಹೇಳಿಕೆ ಮುಗಿದ ಮೇಲೆ ಹೊರಗೆ ಕಾರಿಡಾರಿನಲ್ಲಿ ಗ್ಲೋರಿಯಾ ನಿಂತಿದ್ದಳು. ಆಲ್ಫ್ರೆಡ್ ಕಾರು ತರಲು ಹೋಗಿದ್ದ. ನಾನು ಹತ್ತಿರ ಹೋದೆ. ಕ್ಷಮೆ ಕೇಳಬೇಕೆಂದು ಪದ ಜೋಡಿಸಿಕೊಳ್ಳುತ್ತಿದ್ದೆ. ಅವಳೇ ಮೊದಲು ಮಾತಾಡಿದಳು.

"ಡಕ್ತಾರಿ, ಈ ಕಾಲು ಇನ್ನೂ ನೋಯುತ್ತೆ. ಬೆಳಿಗ್ಗೆ ಎದ್ದಾಗ ಊರೋಕೆ ಆಗಲ್ಲ."

ಶರ್ವಾಣಿ, ಜನವರಿಯಿಂದ ನಾವು ಅವಳ ಬಗ್ಗೆ ಎಷ್ಟು ಯೋಚಿಸಿದ್ದೇವೆ. ನಾನು ಹಾಸಿಗೆಯಲ್ಲಿ, ಅಮ್ಮ ದೇವರ ಮುಂದೆ, ನೀನು ಅಷ್ಟು ದೂರದಲ್ಲಿ. ಆ ಕಾಲು ಹೇಗಿದೆ ಎಂದು ಒಬ್ಬರಾದರೂ ಕೇಳಿದೆವಾ? ಅವಳು ನನ್ನ ಹತ್ತಿರ ಬಂದದ್ದೇ ಅದಕ್ಕೆ.

ನಾನು ಅಭ್ಯಾಸಬಲದಿಂದ ಅಲ್ಲೇ ನೆಲಕ್ಕೆ ಮಂಡಿಯೂರಿ ಕೈ ಚಾಚಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ನೀವು ಬೇಡ. ಒಳ್ಳೆ ಡಾಕ್ಟರ್ ಹೆಸರು ಹೇಳಿ."

ನಗರದಲ್ಲಿ ನನಗಿಂತ ಒಳ್ಳೆಯವರು ಯಾರು ಎಂದು ನಾನು ಇಪ್ಪತ್ತು ವರ್ಷ ಯಾರಿಗೂ ಹೇಳಿದವನಲ್ಲ. ನೆಲದ ಮೇಲೆ ಕೂತೇ ಹೇಳಿದೆ. ಡಾಕ್ಟರ್ ನರಸಿಂಹ, ಪಕ್ಕದ ರಸ್ತೆಯ ಆಸ್ಪತ್ರೆ, ಬೆಳಿಗ್ಗೆ ಹೋಗು, ನನ್ನ ಹೆಸರು ಹೇಳಬೇಡ. ಅವಳು ಆ ಹೆಸರನ್ನು ಎರಡು ಸಲ ಹೇಳಿಕೊಂಡು ಸರಿಯಾಗಿದೆಯೇ ಎಂದು ನನ್ನನ್ನು ಕೇಳಿದಳು. ಸರಿಯಾಗಿದೆ ಎಂದೆ.

ಆಮೇಲೆ ಅವಳು ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲಾಗಿ ಕೆಳಗಿಳಿದು ಹೋದಳು.

ಅಪ್ಪ,
ಧನಂಜಯ